ಅಂತರಜಾಲ ಮತ್ತು ಬಡವನ ಬಾಗಿಲು

ಊರಿಗೆ ರಸ್ತೆ ಬಂದೊಡನೆ ಬಡತನ ತೊಲಗುತ್ತದೆಂದು ನಂಬುವವರುಂಟು. ರಸ್ತೆಯಿಂದ ಬಡವನಿಗೇನು ಬಂತೆಂದು ಕೇಳುವವರೂ ಉಂಟು. ಅಂತರಜಾಲದ ವಿಷಯದಲ್ಲಿಯೂ ಇಂದು ಇಂತಹವೇ ಎರಡು ಮಾತುಗಳು ಕೇಳಿಬರುತ್ತವೆ. ಕೆಲವರಿಗೆ ಅದು ಕಲ್ಪವೃಕ್ಷ. ಮತ್ತೆ ಕೆಲವರಿಗೆ ಉಳ್ಳವರ ಆಟಿಕೆ. ಇವುಗಳಲ್ಲಿ ಯಾವುದು ದಿಟ? ಪೂರ್ವ ಆಫ್ರಿಕದ ಕೀನ್ಯಾ ದೇಶದ ಅನುಭವವನ್ನು ಪರಿಶೀಲಿಸೋಣ.

2009ರವರೆಗೆ ಕೀನ್ಯಾ ಅಂತರಜಾಲಕ್ಕಾಗಿ ಕೃತಕ ಉಪಗ್ರಹಗಳನ್ನೇ ನೆಚ್ಚಿಕೊಂಡಿತ್ತು. ಆ ಸಂಪರ್ಕ ನಿಧಾನವಾದುದು, ಬೆಲೆಯೂ ದುಬಾರಿ. ಆ ವರ್ಷ, ಕಡಲ ತಳದಲ್ಲಿ ಹಾಸಿದ ಗಾಜಿನ ಎಳೆಗಳ ಕೇಬಲ್‌ಗಳು ಮೊಂಬಾಸ ನಗರದ ದಡವನ್ನು ಮುಟ್ಟಿದವು. ಇಂತಹ ಕೇಬಲ್‌ಗಳು ತಲಪಿದ ಆಫ್ರಿಕದ ಪ್ರದೇಶಗಳಲ್ಲಿ ಉದ್ಯೋಗಗಳು ಹೆಚ್ಚಿದುದನ್ನೂ, ಕಡಮೆ ಓದಿದವರಿಗೂ ಅದರ ಪಾಲು ದೊರೆತುದನ್ನೂ 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು ತೋರಿಸಿಕೊಟ್ಟಿದೆ.

ಆದರೆ ಕೀನ್ಯಾದ ಹಳ್ಳಿಗಳ ಬಾಗಿಲು ತಟ್ಟಿದ ಬದಲಾವಣೆ ಅದಕ್ಕೂ ಮೊದಲೇ, 2007ರಲ್ಲಿ, ಆರಂಭವಾಗಿತ್ತು. ಅದರ ಹೆಸರು ಎಂ-ಪೆಸಾ. ಸ್ವಾಹಿಲಿಯಲ್ಲಿ ‘ಪೆಸಾ’ ಎಂದರೆ ಹಣ. ನಮ್ಮ ‘ಪೈಸೆ’ಯ ಬಳಗಕ್ಕೆ ಸೇರಿದ ಪದವದು. ಪಟ್ಟಣದಲ್ಲಿ ದುಡಿಯುವ ಮಗ ಹಳ್ಳಿಯ ತಾಯಿಗೆ ಹಣ ಕಳುಹಿಸಲು ಬಸ್ಸಿನವರನ್ನೋ ಪರಿಚಿತರನ್ನೋ ಬೇಡಬೇಕಾಗಿದ್ದ ಕಾಲ ಅಲ್ಲಿಗೆ ಮುಗಿಯಿತು. ಅವನು ಫೋನಿನಲ್ಲಿ ಕಳುಹಿಸಿದ ಹಣವನ್ನು ಆಕೆ ಹತ್ತಿರದ ಅಂಗಡಿಯಲ್ಲಿ ಪಡೆದಳು. ಇದಕ್ಕೆ ಬೆಲೆಬಾಳುವ ಫೋನು ಬೇಕಿರಲಿಲ್ಲ, ಅಂತರಜಾಲವೂ ಬೇಕಿರಲಿಲ್ಲ. ಈ ವ್ಯವಸ್ಥೆಯಿಂದ ಸುಮಾರು 1,94,000 ಕುಟುಂಬಗಳು ಕಡು ಬಡತನದಿಂದ ಮೇಲೆದ್ದುವೆಂದು 2016ರಲ್ಲಿ ಇಬ್ಬರು ವಿದ್ವಾಂಸರು ಅಂದಾಜು ಮಾಡಿದರು. ಹೆಚ್ಚಿನ ಪ್ರಯೋಜನ ಪಡೆದವರು ಮಹಿಳೆಯರು. ಅನೇಕರು ಹೊಟ್ಟೆಪಾಡಿನ ಬೇಸಾಯವನ್ನು ಬಿಟ್ಟು ಸಣ್ಣ ವ್ಯಾಪಾರಕ್ಕೆ ತೊಡಗಿದರು.

ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಅದೇ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಸಾಲ ಕೊಡುವವರೂ ಹುಟ್ಟಿಕೊಂಡರು. ಹೆಚ್ಚಿನ ಬಡ್ಡಿಯ ಸಾಲ ತೀರಿಸಲಾರದೆ ಬಹು ಮಂದಿ ಕಂಗೆಟ್ಟರು. ಕೊನೆಗೆ 2021ರಲ್ಲಿ ಸರ್ಕಾರ ಕಾನೂನು ತಂದು, ಅಂತಹ ಸಾಲಗಾರಿಕೆಯನ್ನು ಕೇಂದ್ರ ಬ್ಯಾಂಕಿನ ಹತೋಟಿಗೆ ಒಳಪಡಿಸಬೇಕಾಯಿತು. ಹಳೆಯ ಲೇವಾದೇವಿ ಹೊಸ ವೇಷ ತೊಟ್ಟು ಬಂದಾಗ ಕಾವಲೂ ಹೊಸದಾಗಬೇಕಷ್ಟೆ.

ಇದರಿಂದ ನಾವು ತಿಳಿಯಬೇಕಾದುದೇನು? ಸಾಧನ ಎಷ್ಟು ವೇಗವಾದುದು ಎಂಬುದಕ್ಕಿಂತ ಅದು ಬಡವನ ಕೈಗೆಟಕುವುದೇ ಎಂಬ ಪ್ರಶ್ನೆ ದೊಡ್ಡದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಂದಾಜಿನಂತೆ, 2024ರಲ್ಲಿ ಶ್ರೀಮಂತ ದೇಶಗಳ ಜನರಲ್ಲಿ ನೂರಕ್ಕೆ 93 ಮಂದಿ ಅಂತರಜಾಲವನ್ನು ಬಳಸುತ್ತಿದ್ದರು. ಅತಿ ಬಡ ದೇಶಗಳಲ್ಲಿ ಬಳಸುತ್ತಿದ್ದವರು ನೂರಕ್ಕೆ 27 ಮಂದಿ ಮಾತ್ರ. ಈ ಕಂದಕವನ್ನು ಕೇಬಲ್‌ಗಳಿಂದಲೇ ತುಂಬಲಾಗದು. ವಿದ್ಯುತ್ತು, ಅಕ್ಷರ, ತಾಯ್ನುಡಿಯಲ್ಲಿ ದೊರೆಯುವ ತಿಳಿವಳಿಕೆ, ಕೈಗೆಟಕುವ ಬೆಲೆ, ನ್ಯಾಯವಾದ ಕಾನೂನು ಇವೆಲ್ಲವೂ ಜೊತೆಗೂಡಬೇಕು.

ಕಾಲುವೆ ತೋಡಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ. ನೀರು ಕೊನೆಯ ಹೊಲವನ್ನೂ ಮುಟ್ಟಬೇಕು. ಅಂತರಜಾಲದ ಸಾರ್ಥಕತೆಯನ್ನೂ ನಾವು ಆ ಕೊನೆಯ ಹೊಲದಲ್ಲಿ ನಿಂತು ಅಳೆಯಬೇಕು.