ಪರಿಸರ ಕಾನೂನು ಯಾವ ಭಾಷೆಯಲ್ಲಿ ನಮ್ಮ ಮನೆ ತಲುಪುತ್ತದೆ?

ತಲಪಾಡಿಯಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಳ್ಳುತ್ತ ಬಂದ ವರ್ಷಗಳಲ್ಲಿ ನಮ್ಮ ಜಿಲ್ಲೆಯ ನೆಲದ ಸ್ವರೂಪವೇ ಬದಲಾಗಿದೆ. ಮುರಕಲ್ಲಿನ ಗುಡ್ಡಗಳನ್ನು ಕಡಿದಾಗಿ ಕೊರೆಯಲಾಯಿತು; ಮಳೆನೀರಿನ ತೋಡುಗಳು ದಿಕ್ಕು ತಪ್ಪಿದವು. 2025ರ ಮಳೆಗಾಲದಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಕುಸಿಯಿತು. ಅದಕ್ಕೂ ಮೊದಲು, ಆ ವರ್ಷದ ಜೂನ್‌ನಲ್ಲಿ, ಚೆಂಗಳ–ನೀಲೇಶ್ವರ ಭಾಗದ ಇಳಿಜಾರು ರಕ್ಷಣಾ ಕಾಮಗಾರಿ ಕುಸಿದುದಕ್ಕಾಗಿ ಹೆದ್ದಾರಿ ಪ್ರಾಧಿಕಾರವು ವಿನ್ಯಾಸದ ದೋಷ ಮತ್ತು ಚರಂಡಿ ವ್ಯವಸ್ಥೆಯ ಕೊರತೆಗಳನ್ನು ಉಲ್ಲೇಖಿಸಿ ಗುತ್ತಿಗೆ ಸಂಸ್ಥೆಯನ್ನು ಮುಂದಿನ ಟೆಂಡರುಗಳಿಂದ ಹೊರಗಿಟ್ಟಿತ್ತು. ಕ್ರಮ ಬಂದದ್ದು ಕುಸಿದ ಮೇಲೆ. ಕುಸಿಯುವ ಮೊದಲು ಗುಡ್ಡದ ಬುಡದ ಮನೆಯವರು ಏನನ್ನು, ಯಾರಲ್ಲಿ, ಯಾವ ಭಾಷೆಯಲ್ಲಿ ಕೇಳಬಹುದಿತ್ತು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮಣ್ಣಿನ ವಿಷಯವನ್ನೇ ನೋಡೋಣ. ರಸ್ತೆ, ಕೊಳವೆಮಾರ್ಗದಂತಹ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡವೆಂದು ಕೇಂದ್ರವು 2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿನ ನಡುವೆ, ತಿದ್ದುಪಡಿ ತಂದಿತು. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ರದ್ದುಗೊಳಿಸಿತು. ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸದೆ ಅದನ್ನು ಹೊರಡಿಸಿದ್ದು ನ್ಯಾಯಾಲಯ ಗುರುತಿಸಿದ ಮುಖ್ಯ ದೋಷಗಳಲ್ಲೊಂದು. ಈ ವ್ಯಾಜ್ಯ ಹೂಡಿದವರು ಕೇರಳದವರೇ. ಆದರೂ ಮಣ್ಣಿನ ಲಾರಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಾಟ ಪಾಸ್ ಇರಬೇಕೆಂಬ ಸರಳ ಸಂಗತಿಯೂ ನಮ್ಮ ಎಷ್ಟೋ ಮನೆಗಳಿಗೆ ತಲುಪಿಲ್ಲ.

ಭಾಷೆಯ ಪ್ರಶ್ನೆ ನಮ್ಮ ಹಠದಿಂದ ಹುಟ್ಟಿದ್ದೆಂದು ಕೆಲವರು ಭಾವಿಸುತ್ತಾರೆ. ನ್ಯಾಯಾಲಯಗಳು ಹಾಗೆ ಭಾವಿಸಿಲ್ಲ. 2020ರ ಪರಿಸರ ಪರಿಣಾಮ ಅಧ್ಯಯನ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟು ಅದೇ ವರ್ಷ ಜೂನ್ 30ರಂದು ಆದೇಶಿಸಿತ್ತು. ಈಗಲೂ ಜಾರಿಯಲ್ಲಿರುವ 2006ರ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಅಗತ್ಯವಿರುವ ಯೋಜನೆಗಳಿಗೆ 30 ದಿನಗಳ ಮುಂಚಿತ ಸೂಚನೆ ಕೊಡಬೇಕು. ವರದಿಯ ಸಾರಾಂಶ ಇಂಗ್ಲಿಷಿನ ಜೊತೆಗೆ ರಾಜ್ಯದ ಅಧಿಕೃತ ಭಾಷೆಯಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಇರಬೇಕು. ಸಭೆಯ ನಡಾವಳಿಯನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿಹೇಳಬೇಕು. ಇಲ್ಲಿ 'ಅಥವಾ' ಎಂಬ ಪದವನ್ನು ಗಮನಿಸಬೇಕು. ತ್ರಿಶೂರಿನಲ್ಲಿ ಅಧಿಕೃತ ಭಾಷೆಯೂ ಸ್ಥಳೀಯ ಭಾಷೆಯೂ ಒಂದೇ ಆದುದರಿಂದ ಆ ಪದದಿಂದ ಯಾರಿಗೂ ನಷ್ಟವಿಲ್ಲ. ಮಂಜೇಶ್ವರದಲ್ಲಿ, ಎಣ್ಮಕಜೆಯಲ್ಲಿ ಅವು ಬೇರೆ ಬೇರೆ. ಮಲಯಾಳದಲ್ಲಿ ಮಾತ್ರ ಸಾರಾಂಶ ಕೊಟ್ಟರೂ ನಿಯಮ ಪಾಲಿಸಿದಂತೆ ಕಡತ ತೋರಿಸುತ್ತದೆ. ಕನ್ನಡ ಮಾತ್ರ ಓದಬಲ್ಲ ಅಜ್ಜನಿಗೆ ಅದು ಬಿಳಿ ಕಾಗದಕ್ಕೆ ಸಮಾನ. ಮಲಯಾಳದ ಮೇಲೆ ನಮಗೆ ಮುನಿಸಿಲ್ಲ. ನಮ್ಮ ಮಕ್ಕಳು ಅದನ್ನು ಕಲಿಯುತ್ತಿದ್ದಾರೆ. ಅಪಾಯದ ಸೂಚನೆಯು ಅಪಾಯಕ್ಕೆ ಒಳಗಾಗುವವನಿಗೆ ಅರ್ಥವಾಗಬೇಕೆಂಬುದಷ್ಟೇ ನಮ್ಮ ಬೇಡಿಕೆ.

ಅರ್ಥವಾಗದ ಸೂಚನೆಯ ಬೆಲೆಯನ್ನು ಈ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರು ಕಡಿಮೆ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿದವು. ಆ ಕಾಲದಲ್ಲಿ ನಿಯಮವಿರಲಿಲ್ಲವೇ? ಇತ್ತು. 1971ರ ಕೀಟನಾಶಕ ನಿಯಮಗಳ ಪ್ರಕಾರ ವೈಮಾನಿಕ ಸಿಂಪಡಣೆಯ ಸುದ್ದಿಯನ್ನು ಕನಿಷ್ಠ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು. ಜನ, ಜಾನುವಾರುಗಳು ನಿಗದಿತ ಅವಧಿಯವರೆಗೆ ಆ ಪ್ರದೇಶಕ್ಕೆ ಹೋಗದಂತೆ ತಡೆಯಬೇಕು. ನಿಯಮ ಬರೆದವರ ಕಲ್ಪನೆಯಲ್ಲಿ ಪಡ್ರೆಯಂತಹ ಊರು ಇದ್ದಿರಲಾರದು. ಬಾವಿಗಾದರೆ ಮುಚ್ಚಳ ಹಾಕಬಹುದು. ಗುಡ್ಡದ ಒಡಲಿನ ಸುರಂಗದಿಂದ ಹರಿದು ತೆರೆದ ಹೊಂಡಕ್ಕೆ ಬೀಳುವ ನೀರನ್ನು ಮುಚ್ಚುವುದು ಹೇಗೆ? ತೋಟದ ನಡುವೆಯೇ ಮನೆಗಳಿರುವಾಗ ಜನರನ್ನು ಎಲ್ಲಿಗೆ ಕಳುಹಿಸುವುದು? ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಾದ್ಯಂತ ಆ ವಿಷವನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ನೀಡಲು ಆದೇಶಿಸಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗಿದ್ದರು. ಕೆಲವರು ದೊಡ್ಡವರಾಗಲೇ ಇಲ್ಲ.

ಇಂದು ನೀರಿನ ಹೊಣೆ ಹೊತ್ತ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಚಂದ್ರಗಿರಿ ಹೊಳೆಗೆ ಸಮುದ್ರದ ಉಪ್ಪುನೀರು ಏರಿ ಕಾಸರಗೋಡು ಪಟ್ಟಣದ ನಲ್ಲಿಗಳಲ್ಲಿ ಬೇಸಿಗೆಯಲ್ಲಿ ಉಪ್ಪುನೀರು ಬರುತ್ತಿದ್ದುದನ್ನು ಮರೆತವರಿಲ್ಲ. ಬಾವಿಕೆರೆಯಲ್ಲಿ ಶಾಶ್ವತ ಅಣೆಕಟ್ಟು ಸಿದ್ಧವಾದದ್ದು 2021ರಲ್ಲಿ. ಅಲ್ಲಿಯವರೆಗೆ ಮರಳಚೀಲಗಳ ತಾತ್ಕಾಲಿಕ ಕಟ್ಟವೇ ಗತಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು, ಪಿಎಚ್ 6.5ರಿಂದ 8.5ರೊಳಗಿರಬೇಕು. ಮುರಕಲ್ಲಿನ ಬಾವಿಗಳಲ್ಲಿ ಪಿಎಚ್ ಕಡಿಮೆಯಾಗಿರುವುದು ಸಾಮಾನ್ಯ. ಸಡಿಲ ನೆಲದಲ್ಲಿ ಶೌಚಗುಂಡಿಯ ನೀರು ಬೇಗ ಜಿನುಗುವುದರಿಂದ ಬಾವಿಗೂ ಗುಂಡಿಗೂ 7.5 ಮೀಟರ್ ಅಂತರವಿರಬೇಕೆಂದು ಕಟ್ಟಡ ನಿಯಮ ಹೇಳುತ್ತದೆ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿಗೆ ಅವಕಾಶವಿದೆ. ಹರಿತ ಕೇರಳಂ ಮಿಷನ್ ಹೈಯರ್ ಸೆಕೆಂಡರಿ ಶಾಲೆಗಳ ರಸಾಯನ ಪ್ರಯೋಗಾಲಯಗಳಲ್ಲೇ ನೀರಿನ ಪರೀಕ್ಷೆಯ ವ್ಯವಸ್ಥೆ ಮಾಡಿದೆ. ಆದರೆ ವರದಿ ಇಂಗ್ಲಿಷಿನಲ್ಲಿ ಬಂದರೆ ತಾಯಿ ಅದನ್ನು ಮಡಚಿ ದೇವರ ಪಟದ ಹಿಂದೆ ಇಡುತ್ತಾಳೆ. ಅಂಕಿಗಳ ಪಕ್ಕದಲ್ಲಿ 'ಕುದಿಸಿ ಕುಡಿಯಿರಿ', 'ಕುಡಿಯಬೇಡಿ' ಎಂಬ ಕನ್ನಡದ ಒಂದು ಸಾಲು ಬರೆಯಲು ನಮ್ಮ ಎಂಟನೆಯ ತರಗತಿಯ ಮಗುವೇ ಸಾಕು. ಕನ್ನಡ ಮಾಧ್ಯಮದ ಶಾಲೆಗಳು ಈ ಕೆಲಸವನ್ನು ಈ ಬೇಸಿಗೆಯಲ್ಲೇ ಆರಂಭಿಸಬಹುದು.

ಉಳಿದದ್ದು ಬರವಣಿಗೆಯ ಕೆಲಸ. ಸಂವಿಧಾನದ 350ನೆಯ ವಿಧಿಯು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿನಿಂದ ಹಿಡಿದು ತಮ್ಮ ಪ್ರದೇಶದ ಸರಕಾರಿ ಕಚೇರಿಗಳವರೆಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವುದನ್ನು ಮಾನ್ಯಮಾಡಿದೆ. ಉತ್ತರದ ಭಾಷೆಯನ್ನೂ ಅದು ಮರೆತಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಮಾಹಿತಿ ಪ್ರಸಾರದಲ್ಲಿ ಸ್ಥಳೀಯ ಭಾಷೆಯನ್ನು ಪರಿಗಣಿಸಬೇಕೆನ್ನುತ್ತದೆ. ಗುತ್ತಿಗೆದಾರರು ತಂದ ಮಣ್ಣು ಬೈಲಿಗೆ ಬಿದ್ದಿದೆಯೇ? 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಡಿ ಪ್ರತಿ ಪಂಚಾಯತಿನಲ್ಲೂ ಸ್ಥಳೀಯ ನಿಗಾ ಸಮಿತಿಯಿದೆ. ಪಂಚಾಯತು ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ರೈತ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ದೂರನ್ನು ಕನ್ನಡದಲ್ಲೇ ಬರೆದು, ದಿನಾಂಕವುಳ್ಳ ಚಿತ್ರಗಳನ್ನು ಲಗತ್ತಿಸಿ ಕೃಷಿಭವನಕ್ಕೆ ಕೊಡಿ. ಸ್ವೀಕೃತಿ ಪಡೆಯದೆ ಹೊರಬರಬೇಡಿ. 'ಮಲಯಾಳದಲ್ಲಿ ಬರೆದು ತನ್ನಿ' ಎಂದು ಯಾರಾದರೂ ಹಿಂದಿರುಗಿಸಿದರೆ, ಆ ಮಾತನ್ನೇ ಬರಹದಲ್ಲಿ ಕೊಡುವಂತೆ ವಿನಯದಿಂದ ಕೇಳಿ.