"ಏನೂ ಮಾಡಲ್ಲ ಬನ್ರಿ" (ಲೆಸ್ಟರ್‌ನಿಂದ – 17)

ಹೋದ ಸಲ ಇಲ್ಲಿಯ ರಾತ್ರಿ ಪಾಳಿ ಬಗ್ಗೆ ಬರೆದಿದ್ದೆ. ಈ ಸಲ ನಾಯಿ ವಿಷಯ. ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಇದೇ ಚರ್ಚೆ ಆಯ್ತು. ಅಲ್ಲಿ ನಾಲ್ಕು ಸಾಲು ಟೈಪ್ ಮಾಡಿ ಮುಗಿಸೋ ಮಾತಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್ ದಾರಿಯಲ್ಲಿ ಕೋಳಿ ಅಂಗಡಿ ಹತ್ತಿರ ನಾಲ್ಕೈದು ನಾಯಿಗಳು ಸೈಕಲ್ ಹಿಂದೆ ಅಟ್ಟಿಸಿಕೊಂಡು ಬರುತ್ತವೆ. ಮನೆಯವರ ತೀರ್ಮಾನ: ಸೈಕಲ್ ಬೇಡ, ಭಾವ ಸ್ಕೂಟರ್‌ನಲ್ಲಿ ಬಿಟ್ಟು ಬರಲಿ. ಭಾವನಿಗೆ ಬಿಡುವಿಲ್ಲದ ದಿನ ಟ್ಯೂಷನ್ನೂ ಇಲ್ಲ. (ಅವಳನ್ನು ಕೇಳಿಯೇ ಬರೀತಿದ್ದೀನಿ. "ಬರಿ ಚಿಕ್ಕಮ್ಮ" ಅಂದಳು.) ಭಾವ ಬೇಜಾರು ಮಾಡ್ಕೋಬಾರದು, ಆದರೆ ನನ್ನ ಪ್ರಕಾರ ಈ ತೀರ್ಮಾನ ಸರಿಯಿಲ್ಲ. ತಪ್ಪು ನಾಯಿ ಕಡೆಯದು, ಸೈಕಲ್ ಕಳ್ಕೊಂಡಿದ್ದು ಹುಡುಗಿ.

ನಾನು ಇಲ್ಲಿ ದಿನಾ ಸೈಕಲ್‌ನಲ್ಲೇ ಡ್ಯೂಟಿಗೆ ಹೋಗೋದು ಅಂತ ನಿಮಗೆಲ್ಲ ಗೊತ್ತು. ಹಳೇ ರೈಲು ಮಾರ್ಗವನ್ನೇ ದಾರಿ ಮಾಡಿದ್ದಾರೆ, ಗ್ರೇಟ್ ಸೆಂಟ್ರಲ್ ವೇ ಅಂತ. ಸೈಕಲ್‌ನವರೂ ಅಲ್ಲೇ, ನಾಯಿ ಹಿಡ್ಕೊಂಡು ವಾಕಿಂಗ್ ಬರೋರೂ ಅಲ್ಲೇ. ಇಲ್ಲಿ ಬೀದಿ ನಾಯಿಗಳ ಕಾಟ ಇಲ್ಲ. ಹಾಗಂತ ಅಟ್ಟಿಸಿಕೊಂಡು ಬರೋ ನಾಯಿ ಇಲ್ಲ ಅಂದ್ಕೋಬೇಡಿ. ಹಗ್ಗ ಬಿಚ್ಚಿದ ನಾಯಿ ಚಕ್ರ ತಿರುಗೋದು ಕಂಡ ಕೂಡಲೇ ಓಡಿ ಬರುತ್ತೆ. ಹಿಂದಿನಿಂದ ಯಜಮಾನರು ನಗ್ತಾ ಕೂಗ್ತಾರೆ, "ಏನೂ ಮಾಡಲ್ಲ, ಆಟ ಆಡ್ತಾನೆ ಅಷ್ಟೇ!" ಕೇಳಿದಾಗೆಲ್ಲ ನಮ್ಮ ಬೀದಿ ನೆನಪಾಗುತ್ತೆ. ಜಗಲಿ ಮೇಲೆ ಕೂತು, "ಏನೂ ಮಾಡಲ್ಲ ಬನ್ರಿ" ಅನ್ನೋರು ನಮ್ಮಲ್ಲೂ ಎಷ್ಟು ಜನ!

ಕಚ್ಚದೇ ಇರಬಹುದು. ಆದರೆ ಬೀಳಿಸುತ್ತಲ್ಲ? ಮೂಳೆ ವಾರ್ಡಿನಲ್ಲಿ ಕೆಲಸ ಮಾಡೋಳು ನಾನು. ರೋಗಿಗಳ ವಿಷಯ ಹೊರಗೆ ಹೇಳೋ ಹಾಗಿಲ್ಲ, ಹೇಳೋದೂ ಇಲ್ಲ. ಇಷ್ಟು ಮಾತ್ರ ಹೇಳಬಹುದು: ಸೈಕಲ್ಲಿಂದ ಬಿದ್ದವರು ಕೈ ಊರಿ ಮಣಿಕಟ್ಟು ಮುರ್ಕೋತಾರೆ, ಭುಜದ ಮೇಲೆ ಬಿದ್ದು ಕಾಲರ್ ಮೂಳೆ ಮುರ್ಕೋತಾರೆ. ಅದಕ್ಕೆ ನಾಯಿ ಹಲ್ಲು ತಾಗಬೇಕಾಗಿಲ್ಲ. ಊರಲ್ಲಾದರೆ ಪಕ್ಕದಲ್ಲೇ ಬಸ್ಸು, ಲಾರಿ ಬೇರೆ.

ಹಾಗಾದರೆ ಏನು ಮಾಡೋದು? ನಮ್ಮಲ್ಲಿ ಎಲ್ಲರೂ ಹೇಳಿಕೊಡೋದು ಎರಡು: ಜೋರಾಗಿ ತುಳಿ, ಇಲ್ಲಾ ಕಾಲು ಎರಡೂ ಮೇಲೆತ್ತು. ಎರಡೂ ಅಪಾಯ. ಮಕ್ಕಳು ತುಳಿಯೋದು ಗಂಟೆಗೆ 12–15 ಕಿಲೋಮೀಟರ್ ಇರಬಹುದು. ನಾಯಿ ಸ್ವಲ್ಪ ದೂರಕ್ಕೆ 30 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ಓಡುತ್ತೆ. ಓಡಿದಷ್ಟೂ ಅದಕ್ಕೆ ಅಟ್ಟೋ ಹುರುಪು ಜಾಸ್ತಿ. ಕಾಲು ಎತ್ತಿದರೆ ಬ್ಯಾಲೆನ್ಸ್ ಹೋಯ್ತು.

ಅದರ ಬದಲು ನಿಲ್ಲಿಸೋದು ಕಲಿಸಿ. ನಿಧಾನ ಮಾಡು, ಹಿಂದೆ ಗಾಡಿ ಇಲ್ಲ ಅಂತ ನೋಡು, ಇಳಿ, ನಾಯಿಗೂ ನಿನಗೂ ಮಧ್ಯೆ ಸೈಕಲ್ ಇಟ್ಕೋ. ಕಿರುಚಬೇಡ, ಒದೆಯಬೇಡ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡ. ಗಡಸು ದನಿಯಲ್ಲಿ ಒಂದು "ಹೋಗ್!" ಸಾಕು. ಬೆನ್ನು ತೋರಿಸದೆ ಸೈಕಲ್ ತಳ್ಕೊಂಡು ನಿಧಾನಕ್ಕೆ ನಡಿ. ಅದರ ಜಾಗ ದಾಟಿದ ಮೇಲೆ ಸಾಮಾನ್ಯವಾಗಿ ಅದೇ ನಿಲ್ಲುತ್ತೆ. ನಾಲ್ಕೈದು ಸುತ್ತಿಕೊಂಡರೆ ಬೆನ್ನಿಗೆ ಗೋಡೆ ಬರೋ ಹಾಗೆ ನಿಂತು ದೊಡ್ಡವರನ್ನು ಕೂಗು. ದೂರದಲ್ಲಿದ್ದಾಗ ಕಲ್ಲು ಹೆಕ್ಕೋ ಹಾಗೆ ಬಗ್ಗಿದರೆ ನಮ್ಮೂರ ನಾಯಿಗಳಿಗೆ ಅರ್ಥ ಆಗುತ್ತೆ. ಹತ್ತಿರ ಬಂದ ಮೇಲೆ ಮಾತ್ರ ಬಗ್ಗಬಾರದು, ಮುಖ ಅದರ ಬಾಯಿಗೆ ಸಿಗುತ್ತೆ. ಇಲ್ಲಿಯ ನಾಯಿಗಳಿಗೆ ಆ ಭಾಷೆ ಬರಲ್ಲ, ಬಗ್ಗಿದರೆ ಚೆಂಡು ಎಸೀತಾಳೆ ಅಂತ ಕಾಯ್ತವೆ!

ಹಲ್ಲು ಅಥವಾ ಉಗುರು ತಾಗಿದರೆ, ರಕ್ತ ಬರದೇ ಇದ್ದರೂ, ತಕ್ಷಣ ಹರಿಯೋ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೀರಿ. ಗಡಿಯಾರ ನೋಡ್ಕೊಂಡು 15 ನಿಮಿಷ. ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿ. ರಕ್ತ ಬಂದಿದ್ದರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಕೇಳಿ ಹಾಕಿಸ್ಕೊಳ್ಳಿ. ಚೀಟಿಯಲ್ಲಿ ಬರೆದ ತಾರೀಕು ಒಂದೂ ತಪ್ಪಿಸಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸೋ ಔಷಧಿ ಯಾವ ದೇಶದಲ್ಲೂ ಇಲ್ಲ. ಸರಿಯಾದ ಹೊತ್ತಿಗೆ ಲಸಿಕೆ ಆದರೆ ಬರೋದನ್ನೇ ತಡೀಬಹುದು.

ಇಷ್ಟೆಲ್ಲ ಹುಡುಗಿಗೆ ಕಲಿಸಿದ ಮೇಲೂ ಹೊಣೆ ಅವಳದ್ದಲ್ಲ. ನಾನು ಒತ್ತಿ ಹೇಳೋದು ಇದನ್ನೇ. ಇಂಗ್ಲೆಂಡಿನಲ್ಲಿ 2016ರಿಂದ ಪ್ರತಿ ನಾಯಿಗೂ ಮೈಕ್ರೋಚಿಪ್ ಕಡ್ಡಾಯ. ಹೊರಗೆ ಕರ್ಕೊಂಡು ಬಂದರೆ ಕೊರಳ ಪಟ್ಟಿಯಲ್ಲಿ ಯಜಮಾನರ ಹೆಸರು, ವಿಳಾಸ ಇರಬೇಕು. 1991ರ ಕಾನೂನಿನ ಪ್ರಕಾರ ನಾಯಿ ಕಚ್ಚಲೇಬೇಕು ಅಂತಿಲ್ಲ. ಅದು ಹತೋಟಿ ತಪ್ಪಿ, ಕಚ್ಚೀತು ಅಂತ ಎದುರಿನವರು ಹೆದರೋಕೆ ತಕ್ಕ ಕಾರಣ ಇದ್ದರೂ ಯಜಮಾನರ ಮೇಲೆ ಕೇಸು ಆಗಬಹುದು. ಪಾಲಿಸದವರು ಇಲ್ಲೂ ಇದ್ದಾರೆ. ಆದರೆ "ನೀನ್ಯಾಕೆ ಸೈಕಲ್ ತಂದೆ" ಅಂತ ನನ್ನನ್ನು ಯಾರೂ ಕೇಳಲ್ಲ.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಸಾಕಿದ ಪ್ರಾಣಿಯಿಂದ ಅಪಾಯ ಆಗದ ಹಾಗೆ ನೋಡ್ಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಇದೆ. ಬೀದಿ ನಾಯಿಗಳಿಗೆ ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸೋದು 2023ರ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯ ಕೆಲಸ. ವಿಷ ಹಾಕಿ ಅನ್ನೋರ ಮಾತು ಮಾತ್ರ ಕೇಳಬೇಡಿ. ಅದು ಅಪರಾಧ, ಪಾಪವೂ ಹೌದು. ಕೋಳಿ ತ್ಯಾಜ್ಯ ರಸ್ತೆಗೆ ಬೀಳ್ತಾ ಇರೋವರೆಗೂ ಹೋದ ನಾಯಿ ಜಾಗಕ್ಕೆ ಇನ್ನೊಂದು ಬರುತ್ತೆ.

ಅದಕ್ಕೇ ಬೀದಿಯವರಲ್ಲಿ ನನ್ನ ಕೋರಿಕೆ. ಹತ್ತು ಮನೆಯವರು ಸೇರಿ ಒಂದು ಅರ್ಜಿ ಬರೀರಿ: ಯಾವ ಜಾಗ, ಎಷ್ಟು ನಾಯಿ, ಯಾವ ಹೊತ್ತು, ತ್ಯಾಜ್ಯ ಎಲ್ಲಿ ಬೀಳುತ್ತೆ. ಪುರಸಭೆಗೆ ಕೊಟ್ಟು ಸ್ವೀಕೃತಿ ಪಡೀರಿ, ತಿಂಗಳಾದ ಮೇಲೆ ಮತ್ತೆ ಹೋಗಿ ಕೇಳಿ. ಅರ್ಜಿ ಬರೆದುಕೊಡೋ ಕೆಲಸ ನನಗಿರಲಿ, ಸಹಿ ನಿಮ್ಮದು. ಮನೆಯಲ್ಲಿ ನಾಯಿ ಸಾಕಿರೋರು ಸಂಜೆ ಟ್ಯೂಷನ್ ಬಿಡೋ ಹೊತ್ತಿಗೆ ಗೇಟು ಹಾಕಿಡಿ. "ಏನೂ ಮಾಡಲ್ಲ" ಅಂತ ಹೇಳಬೇಕಾದವರು ನೀವಲ್ಲ, ದಾರಿಯಲ್ಲಿ ಹೋಗೋ ಮಕ್ಕಳು.