‘ಬ್ಯಾಡ’ ಅನ್ನುವವರೂ ಬೇಕು

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಹೇಗೆ ಬೇಕಾದರೂ ಸುತ್ತು ಅನ್ನಲಿಲ್ಲ.

ವಡಗೇರಾದ ನಮ್ಮ ಓಣಿಯ ವೃದ್ಧ ದಂಪತಿ ಕೇದಾರಕ್ಕೆ ಹೋಗಿ, ದರ್ಶನವಿಲ್ಲದೆ ಈ ವಾರ ಮರಳಿದರು. ಕಾಕಾಗೆ ಮೊಣಕಾಲು ನೋವು, ಚಿಗವ್ವಗೆ ಸಕ್ಕರೆ ಕಾಯಿಲೆ. ಬೆಂಗಳೂರಿನ ಮಗ ವಾಟ್ಸ್ಆ್ಯಪ್‌ನಲ್ಲಿ ಬಂದ ಜಾಹೀರಾತು ನಂಬಿ ಹೆಲಿಕಾಪ್ಟರ್ ಟಿಕೆಟ್‌ಗೆ ದುಡ್ಡು ಹಾಕಿದ್ದ. ಫಾಟಾದ ಹೆಲಿಪ್ಯಾಡ್‌ನಲ್ಲಿ ಅದು ನಕಲಿ ಎಂದರಂತೆ. ಗೌರಿಕುಂಡದಿಂದ ಮೇಲೆ 16 ಕಿ.ಮೀ. ಏರುಹಾದಿ, ಕಾಲು ಒಪ್ಪಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಜತನವಾಗಿ ಮಡಚಿಟ್ಟಿದ್ದ ಟಿಕೆಟ್ ಕಾಗದವನ್ನು ಕಾಕಾ ನನಗೆ ತೋರಿಸಿದರು. ಹೆಸರು, ವಯಸ್ಸು, ಕ್ಯೂಆರ್ ಕೋಡ್ ಎಲ್ಲ ಇತ್ತು. ಕೊಟ್ಟವರ ವಿಳಾಸ ಮಾತ್ರ ಇರಲಿಲ್ಲ. ‘ದೇವರ ಫೋಟೋ ಹಾಕಿದ್ರು ತಮ್ಮಾ, ದೇವರ ಹೆಸರಿನ್ಯಾಗ ಯಾರು ಮೋಸ ಮಾಡ್ತಾರ ಅಂದ್ಕೊಂಡೆ’ ಎಂದರು.

ಮಗನಿಗೆ ಫೋನ್ ಮಾಡಿ ಕೇಳಿದೆ. ‘ಎಲ್ಲಾ ಮೊಬೈಲ್‌ನ್ಯಾಗ ಸಿಗ್ತದ, ಏಜೆಂಟ್‌ಗೆ ಕಮಿಷನ್ ಯಾಕ ಕೊಡ್ಬೇಕು ಅಣ್ಣಾ’ ಎಂದ. ಆ ಮಾತು ಇನ್ನೂ ಚುಚ್ಚುತ್ತಿದೆ.

ಯಾಕೆ ಕೊಡಬೇಕೆಂದರೆ, ಕೇದಾರದ ಹೆಲಿಕಾಪ್ಟರ್ ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣದಲ್ಲಿ ಮಾತ್ರ ಸಿಗುತ್ತದೆ, ಅದಕ್ಕೂ ಮೊದಲು ಉತ್ತರಾಖಂಡ ಸರ್ಕಾರದಲ್ಲಿ ಯಾತ್ರಾ ನೋಂದಣಿ ಆಗಿರಬೇಕು ಎಂಬುದು ಆ ಕಸುಬಿನವನಿಗೆ ಗೊತ್ತಿರುತ್ತದೆ. ಯಾದಗಿರಿಯಲ್ಲೇ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗಬಹುದು, 60 ದಿನ ಮೊದಲೇ ಬುಕ್ ಮಾಡಿದರೆ ಕೆಳಗಿನ ಬರ್ತ್‌ಗೆ ದಾರಿಯುಂಟು ಎಂದು ಅವನು ಹೇಳುತ್ತಾನೆ. ಮೋಡ ಕವಿದರೆ ಹೆಲಿಕಾಪ್ಟರ್ ಹಾರದು, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಎನ್ನುತ್ತಾನೆ. ನಾಲ್ಕೂ ಧಾಮ ಮುಗಿಸಿ ಬಂದವರಿಗೆ ಮುಜರಾಯಿ ಇಲಾಖೆಯ 20 ಸಾವಿರ ರೂಪಾಯಿ ಸಹಾಯಧನವಿದೆ, ಕಾಗದಪತ್ರ ಕಳೆಯಬೇಡಿ ಎಂದು ನೆನಪಿಸುತ್ತಾನೆ. ಎಲ್ಲಕ್ಕಿಂತ ಮೊದಲು, ಬಿಪಿ, ಶುಗರ್ ಇದೆಯೇ ಎಂದು ಕೇಳುತ್ತಾನೆ. 3,500 ಮೀಟರ್‌ಗೂ ಎತ್ತರದಲ್ಲಿ ಉಸಿರಾಟವೇ ಕಷ್ಟ.

ಕೃಷ್ಣೆ, ಭೀಮೆಯರ ನಡುವಿನವರು ನಾವು. ಹೊಳೆ ತುಂಬಿದಾಗ ಅಂಬಿಗ ‘ಇವತ್ತು ಬ್ಯಾಡ’ ಅಂದರೆ ನಮ್ಮ ಹಿರಿಯರು ದಂಡೆಯಲ್ಲೇ ನಿಲ್ಲುತ್ತಿದ್ದರು. ಹಣ ಕೇಳುವ ಮೊಬೈಲ್ ಎಂದೂ ‘ಬ್ಯಾಡ’ ಅನ್ನುವುದಿಲ್ಲ.

ಏಜೆಂಟರಲ್ಲೂ ಮೋಸಗಾರರಿದ್ದಾರೆ, ನಿಜ. ಆದರೆ ಬೋರ್ಡು ಹಾಕಿ ಅಂಗಡಿ ಇಟ್ಟವನಿಂದ ಜಿಎಸ್‌ಟಿ ಬಿಲ್ ಕೇಳಬಹುದು. ಎಡವಟ್ಟಾದರೆ ಅವನ ಬಾಗಿಲಿಗೆ ಹೋಗಿ ನಿಲ್ಲಬಹುದು, ಗ್ರಾಹಕರ ಆಯೋಗಕ್ಕೆ ಎಳೆಯಬಹುದು. ವಾಟ್ಸ್ಆ್ಯಪ್ ನಂಬರಿಗೆ ಬಾಗಿಲೆಲ್ಲಿದೆ?

ಹೆತ್ತವರನ್ನು ಯಾತ್ರೆಗೆ ಕಳಿಸುವ ಮಕ್ಕಳೇ, ಒಂದು ದಿನ ರಜೆ ಹಾಕಿ ಊರಿಗೆ ಬನ್ನಿ. ಅವರನ್ನು ಕರೆದೊಯ್ದು ಬಲ್ಲವರ ಮುಂದೆ ಕೂಡ್ರಿಸಿ. ಅಷ್ಟೂ ಪುರುಸೊತ್ತಿಲ್ಲವೆಂದರೆ ಅವರ ಟಿಕೆಟ್ ತೆಗೆಸುವ ಉಸಾಬರಿಗೂ ಹೋಗಬೇಡಿ.